ಅಲರ್ಜಿ ಇದ್ಯಾ ಅಂದ್ರೆ ಮೂರು ಜನ ಅಂದ್ಲು ಅಮ್ಮ

ಕಿವಿ ಮಂದ ಇರೋ ಅಮ್ಮನ್ನ ಕೊರೋನಾ ಲಸಿಕೆಗೆ ಕರ್ಕೊಂಡು ಹೋಗಿದ್ದೆ. ಮಾಸ್ಕ್ ಹಾಕಿದ್ದ ನರ್ಸ್ ಕೇಳಿದ್ದು "ಅಜ್ಜಿ, ಅಲರ್ಜಿ ಏನಾದ್ರೂ ಇದ್ಯಾ?" ಅಂತ. ಅಮ್ಮ "ಮೂರು ಜನ ಕಣಮ್ಮ, ಇಬ್ರು ಬೆಂಗ್ಳೂರು, ಇವ್ಳು ನನ್ ಜೊತೆ ಇಲ್ಲೇ ಮೈಸೂರಲ್ಲಿ" ಅಂದ್ಬಿಟ್ಲು. ಸೆಕೆಂಡ್ ಡೋಸ್ ಕ್ಯೂ ಪೂರ್ತಿ ನಕ್ತು, ನಾನೂ ನಕ್ಕೆ. ಆದ್ರೆ ಪಕ್ಕದಲ್ಲಿ ನಿಂತಿದ್ದ ಅಂಕಲ್ ಒಬ್ರು "ವಯಸ್ಸಾಯ್ತಲ್ಲ ಪಾಪ, ತಲೆ ಓಡಲ್ಲ" ಅಂದ್ರು ನೋಡಿ, ಮೈಯೆಲ್ಲಾ ಉರಿದೋಯ್ತು. ನಾನು ಬಾಯಿ ತೆಗೆಯೋಷ್ಟರಲ್ಲಿ ಅಮ್ಮ ತಿರುಗಿ "ತಲೆ ನೆಟ್ಟಗಿದೆ ಸ್ವಾಮಿ, ಮೊದ್ಲು ನಿಮ್ ಮಾಸ್ಕ್ ಮೇಲಕ್ಕೆತ್ಕೊಳಿ" ಅಂದ್ಲು. ಅವರ ಮಾಸ್ಕು ಗದ್ದದ ಮೇಲಿತ್ತು, ತುಟಿ ಕಾಣ್ತಿತ್ತು, ಅದಕ್ಕೇ ಅವರ ಮಾತು ಮಾತ್ರ ಅವ್ಳಿಗೆ ಸರಿಯಾಗಿ ಗೊತ್ತಾಗಿದ್ದು!

ಆಟೋದಲ್ಲಿ ಕೇಳ್ದೆ, ಮಕ್ಕಳೆಷ್ಟು ಅಂತ ಕೇಳಿದ್ರು ಅಂತ ಯಾಕನ್ಕೊಂಡೆ ಅಂತ. "ಮುದುಕೀರ್ನ ಇನ್ನೇನ್ ಕೇಳ್ತಾರೆ? ಊಟ ಆಯ್ತಾ, ಮಕ್ಕಳೆಷ್ಟು. ಹನ್ನೊಂದು ಗಂಟೇಲಿ ಊಟ ಕೇಳಲ್ಲ."

ಆ ವಾರ ಪೂರ್ತಿ ಇದೇ ತಲೇಲಿ ಓಡ್ತಿತ್ತು. ಅಷ್ಟು ವರ್ಷ ಅರ್ಧ ಕಿವಿ ಮೆಷಿನ್ನಲ್ಲಿ, ಅರ್ಧ ತುಟಿ ನೋಡ್ಕೊಂಡು ನಡೆಸ್ತಿದ್ಲು, 2020ರಿಂದ ಆ ತುಟಿಗಳೇ ಕಾಣಿಸ್ತಿರ್ಲಿಲ್ಲ. ಜೊತೆಗೆ ಎನ್‌95 ಮಾಸ್ಕ್ ದಪ್ಪ, ಸ, ಶ, ತ ಥರದ ಸಣ್ಣ ಶಬ್ದಗಳನ್ನೇ ನುಂಗ್ಬಿಡುತ್ತೆ, ಕಿರುಚಿದ್ರೆ ಆ ಊ ಜೋರಾಗುತ್ತೆ ಅಷ್ಟೇ, ಮಾತು ಬಿಡಿಸಲ್ಲ. ಮಾನಸಗಂಗೋತ್ರಿ ಹತ್ರ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೇಲಿ ಮೆಷಿನ್ ಕೊಟ್ಟಾಗ್ಲೇ ಹೇಳಿದ್ರು, ಎದುರಿಗೆ ಬಂದು ನಿಧಾನವಾಗಿ ಮಾತಾಡಿ, ಕೂಗ್ಬೇಡಿ ಅಂತ. ಕೊರೋನಾ ಭಯಕ್ಕೆ ಆಮೇಲೆ ಅದನ್ನ ಟ್ಯೂನ್ ಮಾಡ್ಸೋಕೂ ಹೋಗಿರ್ಲಿಲ್ಲ, ಆ ತಿಂಗಳು ಹೋಗ್ಲೇಬೇಕು ಅನ್ಕೊಂಡೆ.

ಇನ್ನು ಆ ಬಡ ಕಿವಿ ನೋಡ್ಬೇಕಿತ್ತು, ಕನ್ನಡಕದ ಕಡ್ಡಿ, ಮೆಷಿನ್ನು, ಅದರ ಮೇಲೆ ಮಾಸ್ಕಿನ ಎಲಾಸ್ಟಿಕ್. ಲಸಿಕೆ ಆದ್ಮೇಲೆ ಮಾಸ್ಕ್ ಎಳೆದಾಗ ಮೆಷಿನ್ ಟಪ್ ಅಂತ ಕುರ್ಚಿ ಕೆಳಗೆ ಹೋಯ್ತು, ಆಶಾ ಕಾರ್ಯಕರ್ತೆ ಮೊಬೈಲ್ ಟಾರ್ಚ್ ಹಾಕಿ ಹುಡುಕಿ ಕೊಟ್ರು, ಅವರಿಗೆ ಒಳ್ಳೇದಾಗ್ಲಿ. ಅವತ್ತಿಂದ ಎಲಾಸ್ಟಿಕ್ ಎರಡನ್ನೂ ಹಿಂದಕ್ಕೆಳೆದು ತುರುಬಿನ ಕೆಳಗೆ ಪಿನ್ ಹಾಕ್ತಿದ್ದೆ, ಕಿವಿಗೆ ತಾಗ್ತಿರ್ಲಿಲ್ಲ.

ಮಾಸ್ಕ್ ತೆಗೀಬೇಕಿತ್ತು ಅಂತ ಹೇಳ್ತಿಲ್ಲ, ಕೊರೋನಾ ಎರಡನೇ ಅಲೇಲಿ ಕಂಡಿದ್ದು ಸಾಕು. ಲಸಿಕೆ ಹಾಕೋ ಕಡೆ ಕೇಳ್ತಿದ್ದ ಪ್ರಶ್ನೆ ಬಿಪಿ, ಶುಗರ್, ಅಲರ್ಜಿ, ಜ್ವರ, ಅಷ್ಟೇ ತಾನೇ? ದೊಡ್ಡಕ್ಷರದಲ್ಲಿ ಬರೆದು ಟೇಬಲ್ ಮೇಲಿಟ್ಟು ಬೆರಳು ತೋರಿಸಿದ್ರೆ ಮುಗೀತಿತ್ತು. ನರ್ಸಮ್ಮಂಗೂ ಕಿರುಚೋದು ತಪ್ಪುತ್ತಿತ್ತು, ಆ ಫೇಸ್ ಶೀಲ್ಡ್ ಒಳಗೆ ಅವ್ರ ಗಂಟ್ಲು ಆಗ್ಲೇ ಬಿದ್ದೋಗಿತ್ತು.