ಹಳದಿ ಮದ್ದು

ರಾಯಚೂರಿನ ಒಂದು ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ನಾನು ದಿನವೂ ಬಳಸುವ ದ್ರಾವಣಗಳಲ್ಲಿ ಒಂದು ಅಚ್ಚ ಹಳದಿ ಬಣ್ಣದ್ದು. ಮೂತ್ರಪಿಂಡದ ಸ್ಥಿತಿಯನ್ನು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಗೆ ಬೇಕಾದ ಈ ದ್ರಾವಣದಲ್ಲಿರುವುದು ಪಿಕ್ರಿಕ್ ಆಮ್ಲ, ಅಂದರೆ ಮೂರು ನೈಟ್ರೋ ಗುಂಪುಗಳನ್ನು (ಒಂದೊಂದರಲ್ಲೂ ಒಂದು ನೈಟ್ರೋಜನ್, ಎರಡು ಆಮ್ಲಜನಕ) ಹೊತ್ತ ಫೀನಾಲ್. ನಮ್ಮಲ್ಲಿ ಔಷಧಕ್ಕೂ ಮದ್ದು ಎನ್ನುತ್ತೇವೆ, ಬಂಡೆ ಸಿಡಿಸುವ ಪದಾರ್ಥಕ್ಕೂ ಮದ್ದು ಎನ್ನುತ್ತೇವೆ. ಆ ಎರಡೂ ಅರ್ಥಗಳಿಗೆ ಇಷ್ಟು ಸರಿಯಾಗಿ ಒಪ್ಪುವ ಮತ್ತೊಂದು ವಸ್ತುವನ್ನು ನಾನು ಕಂಡಿಲ್ಲ.

1771ರಲ್ಲಿ ರಸಾಯನಶಾಸ್ತ್ರಜ್ಞ ಪೀಟರ್ ವುಲ್ಫ್ ನೀಲಿ ಬಣ್ಣದ ಇಂಡಿಗೊದಿಂದ ಇದನ್ನು ಪಡೆದಾಗ, ಅದು ರೇಷ್ಮೆಗೆ ಹಳದಿ ಹತ್ತಿಸುವ ಬಣ್ಣವಾಗಿ ಗಮನ ಸೆಳೆಯಿತು. ಕಹಿ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರು ಬಂದಿತು. ಸುಟ್ಟ ಗಾಯಕ್ಕೆ ಹಚ್ಚುವ ಔಷಧವಾಗಿಯೂ ಅದು ಬಹುಕಾಲ ಬಳಕೆಯಲ್ಲಿತ್ತು. ಅದೇ ವಸ್ತುವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಫಿರಂಗಿ ಗುಂಡುಗಳಲ್ಲಿ ತುಂಬತೊಡಗಿದರು. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸಿಡಿದು 1,600ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಹಡಗಿನ ಸರಕಿನಲ್ಲಿ ಪಿಕ್ರಿಕ್ ಆಮ್ಲವೂ ಇತ್ತು, ಅದರಂತೆಯೇ ಮೂರು ನೈಟ್ರೋ ಗುಂಪುಗಳಿರುವ ಸಿಡಿಮದ್ದಾದ ಟಿಎನ್‌ಟಿಯೂ ಇತ್ತು.

ಈ ಎಲ್ಲ ಗುಣಗಳ ಬೇರು ನೈಟ್ರೋ ಗುಂಪಿನಲ್ಲಿದೆ. ಅದು ಫೀನಾಲಿನ ಒಡಲಾದ ಬೆಂಜೀನ್ ಉಂಗುರದ (ಆರು ಇಂಗಾಲಗಳ ಬಳೆ) ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಮೂರು ಗುಂಪುಗಳು ಮೂರು ದಿಕ್ಕಿನಿಂದ ಎಳೆದರೆ ಉಂಗುರವೇ ಎಲೆಕ್ಟ್ರಾನ್ ಕೊರತೆಗೆ ಬೀಳುತ್ತದೆ. ಹೀಗಾಗಿ ದುರ್ಬಲ ಆಮ್ಲವಾದ ಫೀನಾಲಿನ ಪಿಕೆಎ ಮೌಲ್ಯ (ಇದು ಕಡಿಮೆಯಾದಷ್ಟೂ ಆಮ್ಲ ಪ್ರಬಲ) ಸುಮಾರು 10 ಇದ್ದರೆ ಪಿಕ್ರಿಕ್ ಆಮ್ಲದ್ದು ಸುಮಾರು 0.4. ಅಂದರೆ ಆಮ್ಲತೆಯ ಸ್ಥಿರಾಂಕ ನೂರಾರು ಕೋಟಿ ಪಟ್ಟು ಹೆಚ್ಚು. 1886ರಲ್ಲಿ ಮ್ಯಾಕ್ಸ್ ಯಾಫೆ ಗುರುತಿಸಿದ ನಮ್ಮ ಪರೀಕ್ಷೆಯೂ ಈ ಕೊರತೆಯ ಮೇಲೆಯೇ ನಿಂತಿದೆ: ಕ್ಷಾರೀಯ ದ್ರಾವಣದಲ್ಲಿ ಕ್ರಿಯಾಟಿನಿನ್, ಪಿಕ್ರೇಟಿನ (ಪಿಕ್ರಿಕ್ ಆಮ್ಲ ಅಲ್ಲಿ ತಳೆಯುವ ಲವಣರೂಪ) ಉಂಗುರಕ್ಕೆ ಬಂದು ಕೂಡಿಕೊಳ್ಳುತ್ತದೆ, ಹಳದಿಯು ಕಿತ್ತಳೆಗೆಂಪಿಗೆ ತಿರುಗುತ್ತದೆ, ಆ ಬಣ್ಣದ ಗಾಢತೆಯನ್ನು ಯಂತ್ರ ಅಳೆಯುತ್ತದೆ. ಆದರೆ ಪಿಕ್ರೇಟ್ ರಕ್ತದ ಬೇರೆ ವಸ್ತುಗಳೊಡನೆಯೂ ಕೂಡಿಕೊಳ್ಳುತ್ತದೆ. ಮಧುಮೇಹಿಗಳ ರಕ್ತದಲ್ಲಿ ಕೀಟೋನುಗಳು ಹೆಚ್ಚಾಗಿದ್ದರೆ ಫಲಿತಾಂಶ ಇಲ್ಲದ ಏರಿಕೆ ತೋರಿಸಬಹುದು, ಇನ್ನು ಕಾಮಾಲೆಯಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಏರಿದ್ದರೆ ಅದು ಬಣ್ಣದ ಅಳತೆಗೇ ಅಡ್ಡಬಂದು ಇಳಿಕೆ ತೋರಿಸಬಹುದು. ಹಾಗಾಗಿ ಅನುಮಾನ ಬಂದ ಮಾದರಿಗೆ ಕಿಣ್ವ ಆಧಾರಿತ ವಿಧಾನವೇ ಮೇಲೆಂಬುದು ನನ್ನ ಅಭಿಪ್ರಾಯ.

ಸಿಡಿಯುವ ಗುಣವೂ ಅದೇ ಗುಂಪಿನದು. ಉರಿಯಬೇಕಾದ ಇಂಗಾಲ, ಉರಿಸಬೇಕಾದ ಆಮ್ಲಜನಕ ಎರಡೂ ಒಂದೇ ಅಣುವಿನಲ್ಲಿರುವುದರಿಂದ ಹೊರಗಿನ ಗಾಳಿಗಾಗಿ ಕಾಯಬೇಕಾಗಿಲ್ಲ. ನೈಟ್ರೋಜನ್ ಪರಮಾಣುಗಳು ಜೋಡಿಯಾಗಿ ಸ್ಥಿರ ಅನಿಲವಾಗುವಾಗ ಅಪಾರ ಶಕ್ತಿ ಹೊರಬೀಳುತ್ತದೆ. ಟಿಎನ್‌ಟಿಯಲ್ಲಿ ಏಳು ಇಂಗಾಲಕ್ಕೆ ಆರೇ ಆಮ್ಲಜನಕ, ಅದು ಸಾಲದೆ ಉಳಿದ ಇಂಗಾಲವೇ ಕರಿಹೊಗೆಯಾಗುತ್ತದೆ. ನಮ್ಮ ಕಡೆಯ ಗಣಿಗಳ ವಿಷಯ ಬಂದಾಗ ಜನ ಟಿಎನ್‌ಟಿ ಎಂದು ಊಹಿಸುವುದುಂಟು. ಆದರೆ ಇಂದು ಗಣಿಗಾರಿಕೆಯಲ್ಲಿ ಬಳಸುವುದು ಬಹುಪಾಲು ಅಮೋನಿಯಂ ನೈಟ್ರೇಟ್ ಆಧಾರಿತ ಮದ್ದು, ಅದರಲ್ಲಿ ಬೆಂಜೀನ್ ಉಂಗುರವಿಲ್ಲ.

ಯುದ್ಧದಲ್ಲಿ ಪಿಕ್ರಿಕ್ ಆಮ್ಲವನ್ನು ಟಿಎನ್‌ಟಿ ಹಿಂದಕ್ಕೆ ತಳ್ಳಿದ್ದಕ್ಕೆ ಕಾರಣ ಆಮ್ಲತೆ. ಪಿಕ್ರಿಕ್ ಆಮ್ಲ ಲೋಹದೊಡನೆ ಸೇರಿದರೆ ತನಗಿಂತಲೂ ಸೂಕ್ಷ್ಮವಾದ ಲವಣಗಳು ಹುಟ್ಟಬಹುದು. ಹೈಡ್ರಾಕ್ಸಿಲ್ ಇರಬೇಕಾದ ಜಾಗದಲ್ಲಿ ಮೀಥೈಲ್ ಇರುವ ಟಿಎನ್‌ಟಿಗೆ ಆ ಚಟವಿಲ್ಲ, ಸುಮಾರು 80 ಡಿಗ್ರಿಯಲ್ಲಿ ಶಾಂತವಾಗಿ ಕರಗುತ್ತದೆ. ಹಾಗೆಂದು ಅದು ಸಾಧುವೂ ಅಲ್ಲ: ಮೊದಲ ಮಹಾಯುದ್ಧದಲ್ಲಿ ಅದನ್ನು ಗುಂಡುಗಳಿಗೆ ತುಂಬುತ್ತಿದ್ದ ಬ್ರಿಟನ್ನಿನ ಹೆಣ್ಣುಮಕ್ಕಳ ಚರ್ಮ ಹಳದಿಯಾಗಿತ್ತು, ಕೆಲವರು ಯಕೃತ್ತು ಕೆಟ್ಟು ಸತ್ತರು.

ಪಿಕ್ರಿಕ್ ಆಮ್ಲವನ್ನು ಪ್ರಯೋಗಾಲಯಗಳಲ್ಲಿ ಒದ್ದೆಯಾಗಿಯೇ ಇಡುವುದು ಅದರ ಸಿಡಿಯುವ ಗುಣದ ಕಾರಣಕ್ಕೆ. ಒಣಗಿದ ಹರಳು ತಿಕ್ಕಾಟವನ್ನೂ ಪೆಟ್ಟನ್ನೂ ಸಹಿಸುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಬಾಟಲಿಯ ನೀರು ಆರಲು ಹೆಚ್ಚು ವರ್ಷ ಬೇಕಾಗುವುದಿಲ್ಲ. ಒಂದು ಕಾಲೇಜಿನ ಹಳೆಯ ಬೀರುವಿನಲ್ಲಿ ಅಂಥದೊಂದು ಬಾಟಲಿ ಸಿಕ್ಕಾಗ ಅಲ್ಲಿನ ಸಹಾಯಕರು ಫೋನಿನಲ್ಲಿ, "ಸರ್, ಒಣಗ್ಯಾದ, ಮುಚ್ಚಳ ತೆಗೆದು ನೀರು ಹಾಕ್ಲೇನ್ರಿ?" ಎಂದು ಕೇಳಿದರು. ಮುಚ್ಚಳದ ಸುತ್ತಿನಲ್ಲೇ ಹರಳು ಕಟ್ಟಿರುತ್ತದೆ, ಅದನ್ನು ತಿರುಗಿಸುವುದೇ ತಿಕ್ಕಾಟ. ಬಾಟಲಿಯನ್ನು ಮುಟ್ಟದೆ ಕೊಠಡಿಗೆ ಬೀಗ ಹಾಕಿ ಪೊಲೀಸರಿಗೆ ತಿಳಿಸಲು ಹೇಳಿದೆ. ಬಾಂಬ್ ನಿಷ್ಕ್ರಿಯ ದಳದವರು ಬಂದು ಅದನ್ನು ಕೊಂಡೊಯ್ದ ದಿನವೂ ನಮ್ಮಲ್ಲಿ ಎಂದಿನಂತೆ ಕ್ರಿಯಾಟಿನಿನ್ ಮಾದರಿಗಳು ಸಾಲುಗಟ್ಟಿದ್ದವು.