ಮುಳ್ಳು ಅಲುಗಬೇಕು

ಸಕಲೇಶಪುರದ ಘಾಟಿಗೆ ಗೂಡ್ಸ್ ಗಾರ್ಡ್ ಆಗಿ ಬಂದ ಹೊಸತು. ಜೋರು ಮಳೆ. ಅದಿರು ತುಂಬಿದ ಗಾಡಿ ಮಂಗಳೂರು ಕಡೆ ಇಳಿಯಬೇಕಿತ್ತು. ಗಾಡಿಯ ಕೊನೆಯಲ್ಲಿ ಗಾರ್ಡ್ ಕೂರುವ ಬ್ರೇಕ್ ವ್ಯಾನ್‌ನಲ್ಲಿ ಬ್ರೇಕ್ ಗಾಳಿಯ ಒತ್ತಡ ತೋರಿಸುವ ಗೇಜ್ ನೋಡಿದೆ, 4.8 ಕೆಜಿ. ಅಷ್ಟಿದ್ದರೆ ಸಾಕು. ವಾಕಿಟಾಕಿಯಲ್ಲಿ ಡ್ರೈವರ್‌ಗೆ "ಕಂಟಿನ್ಯುಟಿ ಓಕೆ" ಅಂದುಬಿಟ್ಟೆ, ಅಂದರೆ ಎಂಜಿನ್‌ನಿಂದ ಕೊನೆಯ ತನಕ ಗಾಳಿಗೆ ತಡೆಯಿಲ್ಲ ಅಂತ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಡ್ರೈವರ್ ಮೆತ್ತಗೆ ಕೇಳಿದರು: "ಗಾರ್ಡ್ ಸರ್, ನೀವು ವಾಲ್ವ್ ತೆಗೆದೇ ಇಲ್ಲ ಅಲ್ವಾ? ನನ್ನ ಮುಳ್ಳು ಅಲುಗಲಿಲ್ಲ."

ಅವರು ನನ್ನಿಂದ ಆರುನೂರು ಮೀಟರ್‌ಗೂ ಜಾಸ್ತಿ ದೂರದಲ್ಲಿದ್ದರು. ಆದರೂ ನಾನು ಮಾಡಿದ್ದು, ಮಾಡದೇ ಬಿಟ್ಟಿದ್ದು ಎರಡೂ ಅವರಿಗೆ ಗೊತ್ತಾಗಿತ್ತು. ನಾಚಿಕೆಯಾಯಿತು. ವಾಲ್ವ್ ತೆಗೆದೆ. ಗಾಳಿ ಬುಸ್ ಅಂತ ಹೊರಬಂತು, ಮುಳ್ಳು ಇಳಿಯಿತು. "ಈಗ ಬಂತು" ಅಂದರು.

ಅವತ್ತು ಅವರು ಬೈಯಲಿಲ್ಲ. ಕೆಳಗೆ ಇಳಿದ ಮೇಲೆ ಟೀ ಕುಡಿಯುತ್ತಾ ಬಿಡಿಸಿ ಹೇಳಿದರು. "ನೋಡಪ್ಪಾ, ಗೇಜ್‌ನಲ್ಲಿ ಗಾಳಿ ಇದೆ ಅಂದರೆ ಅದು ನನ್ನ ಎಂಜಿನ್‌ನಿಂದ ಈಗ ಬರುತ್ತಿರೋ ಗಾಳಿ ಅಂತ ಹೇಗೆ ನಂಬ್ತೀಯ?" ನಾನು ಟ್ರೈನಿಂಗ್‌ನಲ್ಲಿ ಇದನ್ನೇ ಓದಿ ಪಾಸಾಗಿದ್ದೆ. ಆದರೆ ತಲೆಗೆ ಹೋಗಿದ್ದು ಆ ಪ್ರಶ್ನೆ ಕೇಳಿದಾಗಲೇ.

ವಿಷಯ ಇಷ್ಟು. ಎಂಜಿನ್‌ನಿಂದ ಕೊನೆಯ ವ್ಯಾಗನ್ ತನಕ ಒಂದೇ ಬ್ರೇಕ್ ಪೈಪ್. ಎಂಜಿನ್‌ನಲ್ಲಿ 5 ಕೆಜಿ ಒತ್ತಡ. ಪೈಪ್‌ನ ಗಾಳಿ ಇಳಿಸಿದರೆ ಬ್ರೇಕ್ ಹಿಡಿಯುತ್ತದೆ, ತುಂಬಿದರೆ ಬಿಡುತ್ತದೆ. ಪ್ರತಿ ವ್ಯಾಗನ್‌ನ ಎರಡೂ ತುದಿಗೆ ಪೈಪ್ ತೆರೆದು ಮುಚ್ಚಲು ನಲ್ಲಿಯಂಥ ಒಂದೊಂದು ಆ್ಯಂಗಲ್ ಕಾಕ್ ಇರುತ್ತದೆ. ನಡುವೆ ಎಲ್ಲೋ ಒಂದು ಮುಚ್ಚಿದ್ದರೆ ಅದರ ಹಿಂದಿನ ಗಾಳಿ ಅಲ್ಲೇ ಸಿಕ್ಕಿಕೊಂಡಿರುತ್ತದೆ. ನನ್ನ ಗೇಜ್ ಸುಮ್ನೆ ಒಳ್ಳೆಯ ಅಂಕಿ ತೋರಿಸುತ್ತಾ ಇರುತ್ತದೆ. ಡ್ರೈವರ್ ಬ್ರೇಕ್ ಹಾಕಿದರೆ ಆ ಕಾಕ್‌ನ ಮುಂದಿನ ವ್ಯಾಗನ್‌ಗಳಷ್ಟೇ ಹಿಡಿಯುತ್ತವೆ. ಹಿಂದಿನವು ತಳ್ಳಿಕೊಂಡು ಬರುತ್ತವೆ. ಅದಕ್ಕೇ ಅವರು ಗಾಳಿ ಇಳಿಸಿದ್ದು ನನ್ನ ಗೇಜ್‌ನಲ್ಲಿ ಕಾಣಬೇಕು, ನಾನು ಇಳಿಸಿದ್ದು ಅವರಿಗೆ ಕಾಣಬೇಕು.

ನಮ್ಮ ಘಾಟಿಯಲ್ಲಿ ಇದು ಎಷ್ಟು ದೊಡ್ಡ ವಿಷಯ ಅಂತ ಲೆಕ್ಕ ಹಾಕಿ. ಅದಿರು ತುಂಬುವ, ಮೇಲೆ ತೆರೆದ ಬಾಕ್ಸ್‌ಎನ್ ವ್ಯಾಗನ್ ತುಂಬಿದರೆ ಒಂದೇ 80 ಟನ್ ದಾಟುತ್ತದೆ. 58 ವ್ಯಾಗನ್ ಅಂದರೆ 4,500 ಟನ್‌ಗೂ ಮೇಲೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್, 57 ಸುರಂಗ. ಇಳಿಜಾರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ. ರಸ್ತೆಯಲ್ಲಿ ಇದು ಇಳಿಜಾರು ಅಂತ ಅನ್ನಿಸುವುದೂ ಇಲ್ಲ. ಹಳಿಯ ಮೇಲೆ, ಕಬ್ಬಿಣದ ಚಕ್ರಕ್ಕೆ, ಅದು ದೊಡ್ಡ ಇಳಿಜಾರು. ಇಳಿಯುವಾಗ ಕ್ಯಾಚ್ ಸೈಡಿಂಗ್, ಅಂದರೆ ಹಿಡಿತ ತಪ್ಪಿದ ಗಾಡಿಯನ್ನು ತಡೆಯುವ ಪಕ್ಕದ ಹಳಿ, ಬಂದಾಗಲೆಲ್ಲ ಗಾಡಿ ಪೂರ್ತಿ ನಿಲ್ಲಬೇಕು. ಹಳಿ ಬದಲಿಸುವ ಪಾಯಿಂಟ್ ಗುಡ್ಡದ ಕಡೆ ಏರುವ ಆ ಹಳಿಗೇ ಸೆಟ್ ಆಗಿರುತ್ತದೆ. ನಿಂತು ತೋರಿಸಿದ ಮೇಲೆಯೇ ಮೇನ್ ಲೈನ್ ಸಿಗುವುದು. ಹೊಸದರಲ್ಲಿ ಇದೆಲ್ಲ ಸಮಯ ದಂಡ ಅನ್ನಿಸುತ್ತಿತ್ತು.

ಈ ಲೈನಿನ ಕಥೆಯೇ ಗೂಡ್ಸ್‌ನ ಕಥೆ. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾಯಿತು. ಬ್ರಾಡ್ ಗೇಜ್ ಮಾಡಲು 1996ರಲ್ಲಿ ಘಾಟಿ ಮುಚ್ಚಿದರು. ಗಾಡಿ ಇಲ್ಲದ ಹಳಿ ಚಾರಣದವರ ದಾರಿಯಾಯಿತು, ಘಾಟಿಯ ನಡುವಿನ ಯಡಕುಮೇರಿ ಸ್ಟೇಷನ್‌ನ ಹೆಸರು ಹಾಗೇ ಪ್ರಸಿದ್ಧವಾಗಿದ್ದು. 2003ರಲ್ಲಿ ರೈಲ್ವೆ ಮತ್ತು ರಾಜ್ಯ ಸರ್ಕಾರ ಸೇರಿ ಇದಕ್ಕೇ ಅಂತ ಒಂದು ಕಂಪನಿ ಕಟ್ಟಿದವು. 2006ರಲ್ಲಿ ಮೊದಲು ಓಡಿದ್ದು ಗೂಡ್ಸ್. ಪ್ರಯಾಣಿಕರ ಗಾಡಿ ಬಂದಿದ್ದು 2007ರ ಡಿಸೆಂಬರ್‌ನಲ್ಲಿ. ಬಂದರಿಗೆ ಅದಿರು ಇಳಿಯಬೇಕು, ಬಂದರಿನಿಂದ ಕಲ್ಲಿದ್ದಲು, ಗೊಬ್ಬರ ಮೇಲೆ ಹತ್ತಬೇಕು. 2018ರಲ್ಲಿ, ಮತ್ತೆ 2024ರಲ್ಲಿ ಗುಡ್ಡ ಕುಸಿದು ಲೈನ್ ನಿಂತಾಗ, ಈ ಒಂದು ಹಳಿಯ ಮೇಲೆ ಎಷ್ಟು ಜನರ ಕೆಲಸ ನಿಂತಿದೆ ಅಂತ ಎಲ್ಲರಿಗೂ ಕಂಡಿತು.

ಮೂರು ವರ್ಷದ ನಂತರ ಬೇರೆ ಕಡೆ ಒಂದು ಯಾರ್ಡ್. ರಾತ್ರಿ. ನಡುವಿನಿಂದ ಒಂದು ಕೆಟ್ಟ ವ್ಯಾಗನ್ ತೆಗೆದು ಗಾಡಿ ಮತ್ತೆ ಜೋಡಿಸಿದ್ದರು. ನನ್ನ ಗೇಜ್ 4.7 ತೋರಿಸುತ್ತಿತ್ತು. ಹೊರಡಲು ಆತುರ, ಹಿಂದೆ ಇನ್ನೊಂದು ಗಾಡಿ ಕಾಯುತ್ತಿತ್ತು. ಡ್ರೈವರ್‌ಗೆ ಗಾಳಿ ಇಳಿಸಲು ಹೇಳಿದೆ. "ಇಳಿಸಿದೆ" ಅಂದರು. ನನ್ನ ಮುಳ್ಳು ಅಲ್ಲೇ ಇತ್ತು. ಇನ್ನೊಮ್ಮೆ ಇಳಿಸಿ ಅಂದೆ. ಅಲ್ಲೇ. ಅಷ್ಟರಲ್ಲಿ ಅವರೇ ಹೇಳಿದರು: "ಗಾಳಿ ಬೇಗ ನಿಂತುಬಿಡ್ತು, ಸರ್. ಇಷ್ಟು ಉದ್ದದ ಗಾಡಿಗೆ ಇಷ್ಟು ಕಡಿಮೆ ಹೊತ್ತು ಹೋಗಬಾರದು."

ಟಾರ್ಚ್ ಹಿಡಿದು ಜಲ್ಲಿಯ ಮೇಲೆ ನಡೆದೆ. ಪ್ರತಿ ಜೋಡಣೆಯ ಹತ್ತಿರ ಬಗ್ಗಿ ನೋಡುವುದು, ಮುಂದೆ ಹೋಗುವುದು. ಕಾಕ್‌ನ ಹಿಡಿ ಪೈಪ್‌ನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಉದ್ದ, ಉದ್ದ, ಉದ್ದ. ಹೊಸದಾಗಿ ಜೋಡಿಸಿದ ಜಾಗದಲ್ಲಿ ಒಂದು ಹಿಡಿ ಅಡ್ಡ ಇತ್ತು.

ಅದನ್ನು ತಿರುಗಿಸಿದಾಗ ಪೈಪ್ ಒಳಗೆ ಗಾಳಿ ಸುಯ್ ಅಂತ ಓಡಿದ್ದು ಕೈಗೇ ತಾಗಿತು. ವಾಪಸ್ ನಡೆದು ವ್ಯಾನ್ ಹತ್ತಿ, ಎರಡೂ ಕಡೆಯಿಂದ ಮತ್ತೆ ಪರೀಕ್ಷೆ ಮಾಡಿದೆವು. ಈ ಸಲ ಮುಳ್ಳು ಇಳಿಯಿತು. ಗಾಡಿ 35 ನಿಮಿಷ ತಡ. ಜರ್ನಲ್‌ನಲ್ಲಿ ಕಾರಣ ಬರೆದು ಸಹಿ ಹಾಕಿ ಹಸಿರು ದೀಪ ತೋರಿಸಿದೆ.