ದಾಟದ ನದಿ, ಹತ್ತದ ಬೆಟ್ಟ

ನದಿಯ ದಡಗುಂಟ ಎರಡು ದಿನ ನಡೆಯಲು ಹೊರಟ ನಾನೂ ಗೆಳೆಯನೂ ಹೊತ್ತಿದ್ದ ಉಪಕರಣಗಳೆಂದರೆ ಒಂದು ಅಳತೆ ಟೇಪು, ಹನ್ನೆರಡು ಸಮಭಾಗಗಳಾಗಿ ಗಂಟು ಹಾಕಿದ ಹಗ್ಗ ಮತ್ತು ಕಲ್ಲು ಕಟ್ಟಿದ ದಾರವನ್ನು ಇಳಿಬಿಟ್ಟ ಕೋನಮಾಪಕ. ದಾಟಲಾಗದ ನೀರಿನ ಅಗಲವನ್ನೂ ಹತ್ತಲಾಗದ ಬೆಟ್ಟದ ಎತ್ತರವನ್ನೂ ಲಂಬಕೋನ ತ್ರಿಭುಜದಿಂದ ಕಂಡುಕೊಳ್ಳುವ ಆಸೆಯೇ ಈ ಪ್ರಯಾಣಕ್ಕೆ ನೆಪವಾಗಿತ್ತು.

ಮೊದಲ ದಿನ ಎದುರು ದಡದ ಅಂಚಿನ ಒಂಟಿ ಮರವನ್ನು ಗುರುತಾಗಿ ಇಟ್ಟುಕೊಂಡೆವು. ಹಗ್ಗವನ್ನು 3, 4, 5 ಭಾಗಗಳ ತ್ರಿಭುಜವಾಗಿ ಬಿಗಿದು ಹಿಡಿದರೆ 3 ಮತ್ತು 4 ಭಾಗದ ಬದಿಗಳು ಸೇರುವ ಮೂಲೆಯಲ್ಲಿ ಲಂಬಕೋನ ತಾನಾಗಿ ಮೂಡುತ್ತದೆ. ಅದರ ಒಂದು ಬದಿಯನ್ನು ಮರದತ್ತ ತಿರುಗಿಸಿ, ಇನ್ನೊಂದರ ನೇರಕ್ಕೆ ದಡದಲ್ಲಿ 20 ಮೀಟರ್ ನಡೆದು, ಕೋನಮಾಪಕವನ್ನು ಹಲಗೆಯ ಮೇಲೆ ಮಲಗಿಸಿ ನೋಡಿದಾಗ ನಡೆದ ಗೆರೆಗೂ ಮರಕ್ಕೂ ನಡುವೆ 76 ಡಿಗ್ರಿ ಕಂಡಿತು. ಅದರ ಟ್ಯಾನ್ ಬೆಲೆ, ಅಂದರೆ ಲಂಬಕೋನ ತ್ರಿಭುಜದಲ್ಲಿ ಆ ಕೋನದ ಎದುರಿನ ಬದಿಯನ್ನು ಪಕ್ಕದ ಬದಿಯಿಂದ ಭಾಗಿಸಿದರೆ ಬರುವ ಬೆಲೆ, 4.011; ಅದನ್ನು 20ರಿಂದ ಗುಣಿಸಿದರೆ ಅಗಲ 80 ಮೀಟರ್. ನಾನು ಹಿಗ್ಗಿದೆ. ಗೆಳೆಯ ನೋಡಿದಾಗ 77 ಡಿಗ್ರಿ ಬಂತು, ನದಿ 6 ಮೀಟರಿಗೂ ಹೆಚ್ಚು ಹಿಗ್ಗಿತು!

ದಡದಲ್ಲಿ ನಾವು ನಡೆದು ಅಳೆದ ಗೆರೆ, ಅಂದರೆ ಆಧಾರರೇಖೆ, ತೀರಾ ಗಿಡ್ಡವಾಗಿತ್ತು. ಕೋನ 90ರ ಸಮೀಪಕ್ಕೆ ಹೋದಷ್ಟೂ ಟ್ಯಾನ್ ಬೆಲೆ ನಾಗಾಲೋಟದಲ್ಲಿ ಏರುವುದರಿಂದ ಕಣ್ಣಿನ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ನದಿಯ ಅಗಲದಷ್ಟೇ ನಡೆದು ಕೋನವನ್ನು 45 ಡಿಗ್ರಿಗೆ ತರುವುದು ಉತ್ತಮವಾಗಿತ್ತಾದರೂ ಬಂಡೆಗಳು ಅಡ್ಡ ಬಂದು 50 ಮೀಟರಿಗೇ ನಿಂತೆವು. ಅಲ್ಲಿ ಕೋನ 58 ಡಿಗ್ರಿ, ಅಗಲ ಮತ್ತೆ 80 ಮೀಟರ್; ಆದರೆ ಒಂದು ಡಿಗ್ರಿ ತಪ್ಪಿದರೆ ಈಗ ಏರುಪೇರಾಗುವುದು 3 ಮೀಟರಿನಷ್ಟೇ. 1802ರಲ್ಲಿ ಬ್ರಿಟಿಷ್ ಸರ್ವೇಕ್ಷಕ ವಿಲಿಯಂ ಲ್ಯಾಂಬ್ಟನ್ ದಕ್ಷಿಣ ಭಾರತದ ಸರ್ವೇಕ್ಷಣೆಯನ್ನು ಆರಂಭಿಸುವಾಗ ಮದ್ರಾಸಿನ ಬಳಿ ಸುಮಾರು 12 ಕಿಲೋಮೀಟರ್ ಉದ್ದದ ಆಧಾರರೇಖೆಯನ್ನು ಸರಪಳಿ ಹಾಸಿ ವಾರಗಟ್ಟಲೆ ಏಕೆ ಅಳೆದನೆಂಬುದು ಆ ಬಂಡೆಗಳ ಮೇಲೆ ಕುಳಿತಾಗ ನನಗೆ ಹೊಳೆಯಿತು.

ಮರುದಿನದ ಬೆಟ್ಟ ಇನ್ನೂ ಹಟಮಾರಿಯಾಗಿತ್ತು. ಶಿಖರದ ನೇರ ಕೆಳಗಿನ ಬಿಂದುವಿಗೆ ಟೇಪು ಹಿಡಿಯಲಾಗದ್ದರಿಂದ ಬಯಲಿನಲ್ಲಿ ಎರಡು ಕಡೆ ನಿಂತು ಉನ್ನತ ಕೋನವನ್ನು, ಅಂದರೆ ಶಿಖರದತ್ತ ನೋಟ ಸಮತಲದಿಂದ ಮೇಲೇರುವ ಕೋನವನ್ನು, ಅಳೆದೆವು: ಮೊದಲು 30 ಡಿಗ್ರಿ, ಬೆಟ್ಟದತ್ತ ನೇರವಾಗಿ 100 ಮೀಟರ್ ನಡೆದ ಮೇಲೆ 40. ಎರಡೂ ತ್ರಿಭುಜಗಳಿಗೆ ಎತ್ತರ ಒಂದೇ ಆದ್ದರಿಂದ, ಕಾಟ್ ಬೆಲೆಗಳಾದ (1ನ್ನು ಟ್ಯಾನ್ ಬೆಲೆಯಿಂದ ಭಾಗಿಸಿದರೆ ಬರುವವು) 1.732 ಮತ್ತು 1.192ರ ವ್ಯತ್ಯಾಸದಿಂದ 100ನ್ನು ಭಾಗಿಸಿದಾಗ 185 ಮೀಟರ್ ಸಿಕ್ಕಿತು.

“ನಿನ್ನ ಕಣ್ಣು ನೆಲದ ಮೇಲಿತ್ತೇನೋ?” ಎಂದು ಗೆಳೆಯ ನಕ್ಕಾಗ ಕಣ್ಣಿನ ಎತ್ತರದ 1.6 ಮೀಟರನ್ನು ಕೂಡಿಸಿಕೊಂಡೆ. ಆಮೇಲೆ ಎರಡನೆಯ ಕೋನ 39 ಡಿಗ್ರಿ ಎಂದಿಟ್ಟು ಲೆಕ್ಕ ಹಾಕಿದರೆ ಕಣ್ಣಿನ ಎತ್ತರವೂ ಸೇರಿ ಬೆಟ್ಟ 203 ಮೀಟರಿಗೆ ಬೆಳೆಯಿತು. ಬಯಲು ನಮ್ಮ ಹಿಂದೆ ಇನ್ನೂ ಬಹಳ ದೂರ ಚಾಚಿತ್ತು. ಇಬ್ಬರೂ ಮಾತಿಲ್ಲದೆ ಟೇಪು ಬಿಚ್ಚುತ್ತ ಹಿಂದಕ್ಕೆ ನಡೆದೆವು.